ಕ್ಷುದ್ರಗ್ರಹದ ಸ್ಪೆಕ್ಟ್ರಮ್ ತೆಗಿಯೋಕೆ ಮುಂಚೆ ಬಿಳಿ ಬಿಲ್ಲೆ ಹುಡುಕ್ರಿ

ಜಗಳೂರಿನ ಅಣ್ಣ ಕೇಳಿರೋದು ಎರಡು. ಅಪೋಫಿಸ್ ಅನ್ನೋ ಕ್ಷುದ್ರಗ್ರಹದ ಮೇಲೆ ಇನ್ನೂ ಯಾರೂ ಇಳಿದಿಲ್ಲ, ಒಂದು ಚೂರೂ ತಂದಿಲ್ಲ, ಆದ್ರೂ ಅದು ಇಂಥ ಜಾತಿ ಕಲ್ಲು ಅಂತ ಪೇಪರಲ್ಲಿ ಹೆಂಗೆ ಬರೀತಾರೆ ಅನ್ನೋದು ಒಂದು. ಮಗನಿಗೆ ಕೊಡಿಸಿರೋ 6 ಇಂಚಿನ ಟೆಲಿಸ್ಕೋಪಲ್ಲಿ ನಾವೂ ಅಂಥದ್ದು ಮಾಡಬೌದಾ ಅನ್ನೋದು ಇನ್ನೊಂದು. ಅದಕ್ಕೆ ಮೇಲೆ ಒಬ್ರು "ಕಲರ್ ಫೋಟೋ ತೆಗೆದ್ರೆ ಸಾಕು" ಅಂತ ಹಾಕಿದಾರೆ. ಅದು ಅರ್ಧ ಸರಿ, ಇನ್ನರ್ಧ ಹೋಲಿಸಿ ನೋಡೋಕೆ ಬೇಕಾದ ಬಿಳಿ ಬಿಲ್ಲೆ, ಬರೀ ಆ ಮೊದಲ ಅರ್ಧ ನಂಬ್ಕೊಂಡು ನಾನೂ ಒಂದ್ಸಲ ಜಾರಿ ಬಿದ್ದಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತಿದೀನಿ.

ನನ್ನ ಕೆಲಸ ದಾವಣಗೆರೆ ಹತ್ರ ಕೋಳಿ ಫೀಡ್ ಮಾಡೋ ಕಡೆ, ಲ್ಯಾಬಲ್ಲಿ. ಮೆಕ್ಕೆಜೋಳದ ಲೋಡ್ ಬಂದ್ರೆ ಚೀಲದಿಂದ ಸ್ಯಾಂಪಲ್ ತೆಗೆದು ಬಟ್ಟಲಿಗೆ ಹಾಕಿ ಎನ್‌ಐಆರ್ ಮಷೀನಲ್ಲಿ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು ಅಳೆಯೋದು) ಇಡ್ತೀವಿ, ಸ್ವಲ್ಪ ಹೊತ್ತಿಗೆ ತೇವ ಎಷ್ಟು ಪ್ರೋಟೀನ್ ಎಷ್ಟು ಅಂತ ಬರುತ್ತೆ. ಒಳಗೆ ಆಗೋದು ಇಷ್ಟೇ, ಕಾಳಿನ ಮೇಲೆ ಬೆಳಕು ಬಿಟ್ಟು ವಾಪಸ್ ಬಂದಿದ್ದನ್ನ ಬಣ್ಣ ಬಣ್ಣವಾಗಿ ಬಿಡಿಸಿ ನೋಡೋದು, ಹಂಗೆ ಬಿಡಿಸಿದ್ದಕ್ಕೇ ಸ್ಪೆಕ್ಟ್ರಮ್ ಅನ್ನೋದು. ನೀರು 1450 ಮತ್ತು 1940 ನ್ಯಾನೋಮೀಟರ್ (ಬೆಳಕಿನ ಬಣ್ಣದ ಅಳತೆ, ಮುಂದೆ ಬಣ್ಣಕ್ಕೆ ಬರೋ ಅಂಕಿ ಎಲ್ಲಾ ಇದರಲ್ಲೇ) ಹತ್ರ ಬೆಳಕು ನುಂಗುತ್ತೆ, ಗ್ರಾಫಲ್ಲಿ ಅಲ್ಲಿ ಗುಂಡಿ ಬೀಳುತ್ತೆ, ತೇವ ಜಾಸ್ತಿ ಇದ್ದಷ್ಟೂ ಗುಂಡಿ ಆಳ. ಕ್ಷುದ್ರಗ್ರಹಕ್ಕೂ ಇದೇ ಲೆಕ್ಕ ಕಣ್ರಿ. ಬಲ್ಬಿನ ಜಾಗದಲ್ಲಿ ಸೂರ್ಯ, ಬಟ್ಟಲಿನ ಜಾಗದಲ್ಲಿ ಆ ಕಲ್ಲು. ಒಲಿವೀನ್, ಪೈರಾಕ್ಸೀನ್ ಅಂತ ಕಬ್ಬಿಣ ಸೇರಿರೋ ಎರಡು ಖನಿಜ ಇದಾವೆ, ಎರಡೂ 1000 ನ್ಯಾನೋಮೀಟರ್ ಆಸುಪಾಸು ಗುಂಡಿ ತೋಡ್ತವೆ, ಪೈರಾಕ್ಸೀನ್ ಮಾತ್ರ 2000ದ ಹತ್ರ ಇನ್ನೊಂದು ತೋಡುತ್ತೆ. ಆ ಗುಂಡಿಗಳ ನಡು ಎಲ್ಲಿ ಕೂತೈತೆ, ಒಂದಕ್ಕಿಂತ ಇನ್ನೊಂದು ಎಷ್ಟು ದೊಡ್ಡದು ಅಂತ ಅಳೆದು, ಲ್ಯಾಬಲ್ಲಿ ಇಟ್ಟಿರೋ ಉಲ್ಕಾಶಿಲೆಗಳ ಗ್ರಾಫ್ ಜೊತೆ ಇಟ್ಟು ನೋಡ್ತಾರೆ. ಅಪೋಫಿಸ್‌ಗೆ ಹಂಗೆ ನೋಡಿದಾಗ ಎಲ್‌ಎಲ್ ಕಾಂಡ್ರೈಟ್ ಅನ್ನೋ ಉಲ್ಕಾಶಿಲೆಗೆ ಹತ್ರ ಬಂತು. ಇಟೊಕಾವಾ ಅನ್ನೋ ಇನ್ನೊಂದು ಕ್ಷುದ್ರಗ್ರಹಕ್ಕೂ ಸ್ಪೆಕ್ಟ್ರಮ್ ನೋಡೇ ಇದನ್ನೇ ಹೇಳಿದ್ರು, ಆಮೇಲೆ ಜಪಾನಿನ ಹಯಾಬುಸಾ ನೌಕೆ ಅಲ್ಲಿಗೆ ಹೋಗಿ 2010ರಲ್ಲಿ ಧೂಳು ತಂತು, ನೋಡಿದ್ರೆ ಹೇಳಿದ್ದೇ ಕರೆಕ್ಟ್.

ಈಗ ಬಿಳಿ ಬಿಲ್ಲೆ ವಿಷಯ. ನಮ್ಮ ಮಷೀನಲ್ಲಿ ದಿನಾ ಬೆಳಿಗ್ಗೆ ಕಾಳು ಹಾಕೋಕೆ ಮುಂಚೆ ಒಂದು ಬಿಳಿ ಬಿಲ್ಲೆ ಸ್ಕ್ಯಾನ್ ಮಾಡ್ತೀವಿ. ಬಲ್ಬ್ ಎಷ್ಟು ಮಂಕಾಗೈತೆ, ಗಾಜಲ್ಲಿ ಧೂಳು ಎಷ್ಟು, ಸೆನ್ಸರ್ ಯಾವ ಬಣ್ಣಕ್ಕೆ ಕುರುಡು, ಎಲ್ಲಾ ಅದರಲ್ಲಿ ಸಿಕ್ಕಿಬೀಳುತ್ತೆ, ಕಾಳಿನ ಗ್ರಾಫನ್ನ ಬಿಲ್ಲೆ ಗ್ರಾಫಿಂದ ಭಾಗಿಸಿದ್ರೆ ಉಳಿಯೋದು ಕಾಳಿನ ಗುಣ ಮಾತ್ರ. ಆಕಾಶದಲ್ಲಿ ಬಿಲ್ಲೆ ಎಲ್ಲಿಂದ ತರ್ತೀರಿ? ಸೂರ್ಯನ ಥರಾನೇ ಇರೋ ನಕ್ಷತ್ರ ಹುಡುಕ್ಬೇಕು. ಅದೇ ರಾತ್ರಿ, ಅದೇ ಸೆಟ್ಟಿಂಗಲ್ಲಿ, ಆಕಾಶದಲ್ಲಿ ಸುಮಾರು ಅಷ್ಟೇ ಎತ್ತರ ಇದ್ದಾಗ ಅದರ ಸ್ಪೆಕ್ಟ್ರಮ್ಮೂ ತೆಗೆದು ಭಾಗಿಸ್ಬೇಕು. ಬೇಸಿಗೆಲಿ ಆದ್ರೆ ವೃಶ್ಚಿಕದ 18 ಸ್ಕಾರ್ಪಿ ಒಳ್ಳೇದು, ಸೂರ್ಯನ ಅವಳಿ ಅಂತಾನೇ ಅದಕ್ಕೆ ಹೆಸರು, ಹೊಳಪು 5.5 ಮ್ಯಾಗ್ನಿಟ್ಯೂಡ್, ನಮ್ಮ ಟೆಲಿಸ್ಕೋಪಿಗೆ ಏನೂ ಕಷ್ಟ ಇಲ್ಲ. 16 ಸಿಗ್ನಿ ಬಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದರ ಪಕ್ಕದಲ್ಲೇ ಜೋಡಿ ನಕ್ಷತ್ರ ಕೂತೈತೆ, ಸ್ಲಿಟ್ (ಸಣ್ಣ ಸೀಳು) ಇಲ್ದಿರೋ ಗ್ರೇಟಿಂಗಲ್ಲಿ, ಅಂದ್ರೆ ಬೆಳಕನ್ನ ಬಣ್ಣವಾಗಿ ಬಿಡಿಸೋ ಗೆರೆ ಗೆರೆ ಗಾಜಲ್ಲಿ, ಎರಡರದ್ದೂ ಕಲಸಿ ಹೋಗೋ ಚಾನ್ಸ್ ಜಾಸ್ತಿ.

ನಾನು ಬಿದ್ದಿದ್ದು ಇಲ್ಲೇ. 2025ರ ಮೇನಲ್ಲಿ ವೆಸ್ಟಾ ಅನ್ನೋ ಕ್ಷುದ್ರಗ್ರಹ ತುಲಾ ರಾಶಿಲಿ ಚೆನ್ನಾಗಿ ಕಾಣ್ತಿತ್ತು. ಅದು ಭೂಮಿ ಹತ್ರದ್ದಲ್ಲ, ಮಂಗಳ ಗುರು ನಡುವಿನ ಪಟ್ಟಿದು, ಆದ್ರೆ ಪ್ರಾಕ್ಟೀಸಿಗೆ ಅದಕ್ಕಿಂತ ಒಳ್ಳೇದು ಸಿಗಲ್ಲ, ಉಲ್ಕಾಶಿಲೆ ಜೊತೆ ಸ್ಪೆಕ್ಟ್ರಮ್ ಹೊಂದಿಸಿ ನೋಡಿದ್ದು 1970ರಲ್ಲಿ ಶುರು ಆಗಿದ್ದೇ ಅದರಿಂದ. ಚಳ್ಳಕೆರೆ ಕಡೆ ನಮ್ಮ ಭಾವನ ಶೇಂಗಾ ಹೊಲದಲ್ಲಿ ಟೆಲಿಸ್ಕೋಪಿನ ಮೌಂಟ್ (ಸ್ಟ್ಯಾಂಡ್) ಇಟ್ಕೊಂಡು ಮೂರು ತಾಸು ಕೂತೆ. ಮನೆಗೆ ಬಂದು ಗ್ರಾಫ್ ಹಾಕಿದ್ರೆ 760ರ ಹತ್ರ ಚೂಪಾಗಿ ಒಂದು ಗುಂಡಿ! ಖನಿಜ ಸಿಕ್ತು ಅಂತ ರಾತ್ರಿ 2 ಗಂಟೆಗೆ ಹೆಂಡತಿನ ಎಬ್ಬಿಸಿ ತೋರಿಸ್ದೆ, ಅವಳು "ಬೆಳಿಗ್ಗೆ ನೋಡಣ ಮಲ್ಕೊಳ್ರಿ" ಅಂದ್ಲು. ಬೆಳಿಗ್ಗೆ ಯಾಕೋ ಡೌಟ್ ಬಂದು ಅದೇ ರಾತ್ರಿ ತೆಗೆದಿದ್ದ ಒಂದು ನಕ್ಷತ್ರದ ಗ್ರಾಫ್ ನೋಡಿದ್ರೆ ಅದರಲ್ಲೂ ಅದೇ ಜಾಗಕ್ಕೆ ಅದೇ ಗುಂಡಿ. ನಾನು ಕಂಡುಹಿಡಿದಿದ್ದು ನಮ್ಮ ಹೊಲದ ಮೇಲಿನ ಗಾಳಿಯ ಆಕ್ಸಿಜನ್ನು! ನಕ್ಷತ್ರದಿಂದ ಭಾಗಿಸಿದ ಮೇಲೆ ಆ ಗುಂಡಿ ಹೆಚ್ಚುಕಮ್ಮಿ ಮಾಯ. ವೆಸ್ಟಾದ ನಿಜವಾದ ಗುಂಡಿ ಅಗಲವಾಗಿ ತಟ್ಟೆ ಥರ ಇರುತ್ತೆ, 750 ದಾಟಿದ ಮೇಲೆ ಇಳಿಯೋಕೆ ಶುರು ಆಗಿ 930ರ ಹತ್ರ ತಳ ಮುಟ್ಟುತ್ತೆ. ಚೂಪು ಗುಂಡಿ ಕಂಡ್ರೆ ಗಾಳಿದೋ ಏನೋ ಅಂತ ಅನುಮಾನ ಪಡ್ರಿ, ಕಲ್ಲಿಂದು ಈ ಬಣ್ಣಗಳಲ್ಲಿ ಹೆಚ್ಚಾಗಿ ಅಗಲ.

ಇನ್ನು ಸಾಮಾನಿನ ಮಾತು. ಒಂದು ಮಿಲಿಮೀಟರಿಗೆ 100 ಗೆರೆ ಇರೋ ಸ್ಟಾರ್ ಅನಲೈಸರ್ ಗ್ರೇಟಿಂಗ್ ಸಿಗುತ್ತೆ, ಫಿಲ್ಟರ್ ಥರ ಕ್ಯಾಮೆರಾದ 1.25 ಇಂಚಿನ ಮೂತಿಗೆ ತಿರುಗಿಸಿದ್ರೆ ಆಯ್ತು. ನಿಮ್ಮದು ಕೈಯಲ್ಲಿ ತಳ್ಳಿ ತಿರುಗಿಸೋ ಡಾಬ್ಸೋನಿಯನ್ ಆಗಿದ್ರೆ ಈ ಕೆಲಸಕ್ಕೆ ಆಗಲ್ಲ ಅಣ್ಣ, ಆಕಾಶದ ಜೊತೆ ತಾನೇ ತಿರುಗೋ, ಟ್ರಾಕಿಂಗ್ ಇರೋ ಮೌಂಟ್ ಬೇಕೇ ಬೇಕು. ಮಾಮೂಲಿ ಡಿಎಸ್‌ಎಲ್‌ಆರ್ ಒಳಗೆ 700 ಆಸುಪಾಸಿಂದ ಆಚೆ ಬೆಳಕು ತಡೆಯೋ ಗಾಜು ಇರುತ್ತೆ, ನಮಗೆ ಬೇಕಾಗಿರೋದೇ ಅದರಾಚೆ, ಅದಕ್ಕೆ ಮಾನೋಕ್ರೋಮ್ (ಕಪ್ಪುಬಿಳುಪು) ಆಸ್ಟ್ರೋ ಕ್ಯಾಮೆರಾ ತಗೊಳ್ರಿ. ಅದೂ 1000ದ ಹತ್ರ ಹೋಗ್ತಾ ಹೋಗ್ತಾ ಕುರುಡಾಗುತ್ತೆ, ಅಂದ್ರೆ ಗುಂಡಿಯ ಒಂದು ಬದಿ ಮಾತ್ರ ನಮ್ಮ ಪಾಲು. ಇನ್ನೊಂದು, ಗ್ರೇಟಿಂಗಲ್ಲಿ 400ರ ನೀಲಿ ಬೆಳಕು ಎರಡನೇ ಸಲ 800ರ ಜಾಗದಲ್ಲಿ ಬಂದು ಕೂರುತ್ತೆ, ಕೆಂಪು ಫಿಲ್ಟರ್ ಹಾಕಿ ಬೇರೆ ಫ್ರೇಮ್ ತೆಗೀದೇ ಹೋದ್ರೆ ಆ ಕಡೆ ಗ್ರಾಫ್ ನಂಬಂಗಿಲ್ಲ. ಗ್ರಾಫಲ್ಲಿ ಯಾವ ಜಾಗ ಎಷ್ಟು ನ್ಯಾನೋಮೀಟರ್ ಅಂತ ಸ್ಕೇಲ್ ಹಾಕೋಕೆ ಲುಬ್ಧಕ ಅಥವಾ ಅಭಿಜಿತ್ ನಕ್ಷತ್ರ ಹಿಡೀರಿ, ಹೈಡ್ರೋಜನ್ ಗೆರೆಗಳು 486 ಮತ್ತು 656ರಲ್ಲಿ ಎದ್ದು ಕಾಣ್ತವೆ.

ಭೂಮಿ ಹತ್ರ ಬರೋ ಕಲ್ಲುಗಳಲ್ಲಿ ಬಹಳಷ್ಟು ಮಂಕು, ಜೋರಾಗಿ ಓಡ್ತವೆ, ಅವು ನಮ್ಮ ಕೈಗೆ ಸಿಗಲ್ಲ. ಅವುಗಳಲ್ಲಿ ಎರೋಸ್ ಅನ್ನೋದು ಹತ್ರ ಬಂದಾಗ ಟ್ರೈ ಮಾಡಬೌದು. ದೊಡ್ಡ ವಿಜ್ಞಾನಿಗಳು 2500 ನ್ಯಾನೋಮೀಟರ್ ತನಕ ನೋಡ್ತಾರೆ, ಹವಾಯಿಯ ಮೌನಾ ಕೀ ಬೆಟ್ಟದ ಮೇಲಿನ 3 ಮೀಟರ್ ಐಆರ್‌ಟಿಎಫ್ ಟೆಲಿಸ್ಕೋಪಲ್ಲಿ ಈ ಕೆಲಸ ವರ್ಷಗಟ್ಲೆ ನಡೀತಾ ಐತೆ. ಅಷ್ಟು ಎತ್ತರ ಯಾಕೆ ಅಂದ್ರೆ 1400, 1900ರ ಹತ್ರ ಗಾಳಿಯಲ್ಲಿರೋ ನೀರಾವಿ ಬೆಳಕನ್ನ ನುಂಗಿಬಿಡುತ್ತೆ. ಜೋಳದಲ್ಲಿ ನಾನು ದಿನಾ ಹುಡುಕೋ ನೀರೇ ಅಲ್ಲಿ ಅವರಿಗೆ ಕಾಟ. ಲಡಾಖಿನ ಹಾನ್ಲೆಲಿ ನಮ್ಮ 2 ಮೀಟರ್ ಟೆಲಿಸ್ಕೋಪನ್ನ 4500 ಮೀಟರ್ ಎತ್ತರಕ್ಕೆ ಹಾಕಿರೋದಕ್ಕೂ ಅಲ್ಲಿನ ಒಣ ಹವೆ ಒಂದು ಕಾರಣ.

ಎಲ್ಲಾ ಸರಿ ಮಾಡಿದ್ರೂ ಗೊತ್ತಾಗೋದು ಮೇಲಿನ ತೊಗಟೆ ಮಾತ್ರ. ದುರ್ಗದ ಬಂಡೆ ಹೊರಗೆ ಕಪ್ಪು, ಒಡೆದ್ರೆ ಒಳಗೆ ಬೇರೆ ಬಣ್ಣ, ಹಂಗೆ. ಕ್ಷುದ್ರಗ್ರಹದಲ್ಲಿ ಮಳೆ ಬಿಸಿಲಿನ ಜಾಗದಲ್ಲಿ ಸೌರಗಾಳಿ (ಸೂರ್ಯನಿಂದ ಬರೋ ಕಣಗಳು) ಮತ್ತು ಸಣ್ಣ ಸಣ್ಣ ಉಲ್ಕೆಗಳ ಹೊಡೆತ, ಕಲ್ಲಿನ ಬಣ್ಣ ಕೆಂಪಿನ ಕಡೆ ವಾಲುತ್ತೆ, ಗುಂಡಿ ಆಳ ಕಮ್ಮಿ ಆಗುತ್ತೆ. ಕಾಳು ಇಡಿಯಾಗಿ ಇಟ್ರೆ ಒಂದು ಗ್ರಾಫ್, ಹಿಟ್ಟು ಮಾಡಿ ಇಟ್ರೆ ಇನ್ನೊಂದು ಬರುತ್ತಲ್ಲ, ಅಲ್ಲೂ ಧೂಳು ನುಣ್ಣಗಿದ್ರೆ ಒಂಥರ ದಪ್ಪಗಿದ್ರೆ ಒಂಥರ. ಅದಕ್ಕೇ ಆಳಕ್ಕಿಂತ ಗುಂಡಿಯ ನಡು ಎಲ್ಲಿದೆ ಅನ್ನೋದನ್ನ ಜಾಸ್ತಿ ನಂಬ್ತಾರೆ. 2008ರ ಅಕ್ಟೋಬರಲ್ಲಿ 2008 ಟಿಸಿ3 ಅನ್ನೋ ಸುಮಾರು 4 ಮೀಟರ್ ಕಲ್ಲು ಸುಡಾನ್ ಮರುಭೂಮಿ ಮೇಲೆ ಬೀಳೋಕೆ ಮುಂಚೆ ಅದರ ಸ್ಪೆಕ್ಟ್ರಮ್ ತೆಗೆದಿದ್ರು, ಆಮೇಲೆ ಮರಳಲ್ಲಿ ಚೂರು ಆರಿಸಿದ್ರೆ ಒಂದೇ ಕಲ್ಲಲ್ಲಿ ನಾನಾ ಜಾತಿ ಉಲ್ಕಾಶಿಲೆ ಸೇರ್ಕೊಂಡಿತ್ತು, ಮಿಕ್ಸ್ ಲೋಡ್ ಬಂದಂಗೆ.

ಅಪೋಫಿಸ್ 2029ರ ಏಪ್ರಿಲ್ 13ಕ್ಕೆ ನೆಲದಿಂದ ಸುಮಾರು 32,000 ಕಿಮೀ ದೂರದಲ್ಲಿ ದಾಟುತ್ತೆ, ಅಲ್ಲಿ ತನಕ ಮಗನಿಗೆ ಪ್ರಾಕ್ಟೀಸಿಗೆ ಟೈಮ್ ಐತೆ. ಮೊದ್ಲು ಲುಬ್ಧಕ, ಆಮೇಲೆ ವೆಸ್ಟಾ. ಜೆಪಿಜಿ ಬೇಡ, ಮೂಲ ಫೈಲೇ ಇಟ್ಕೊಳ್ರಿ, ನಕ್ಷತ್ರದ್ದೂ ಜೊತೆಗೆ. ಮಳೆಗಾಲ ಮುಗಿದ ಮೇಲೆ ಒಂದು ಅಮಾವಾಸ್ಯೆ ಹತ್ರದ ಶನಿವಾರ ಚಳ್ಳಕೆರೆ ಕಡೆ ಬರ್ರಿ, ಗ್ರೇಟಿಂಗ್ ನಂದೈತೆ, ಬ್ಯಾಟರಿ ಒಂದು ಎಕ್ಸ್‌ಟ್ರಾ ತರ್ರಿ, ಹೊಲದಲ್ಲಿ ಕರೆಂಟ್ ಇಲ್ಲ.