‘ಓಕೆ’ ಅಂದಿದ್ದಕ್ಕೆ 26 ತಿಂಗಳು ವಿಮೆ ಕಂತು

ಪ್ರಶ್ನೆ: ಬೆಂಗಳೂರಿನ ಶ್ರೀನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಎರಡು ವರ್ಷದ ಹಿಂದೆ ಕ್ರೆಡಿಟ್ ಕಾರ್ಡಿನವರು ಫೋನ್ ಮಾಡಿ ಹಿಂದಿಯಲ್ಲಿ ಏನೋ ಹೇಳಿದರು. ‘ಓಕೆ’ ಅಂದೆ. ಆಮೇಲೆ ಪ್ರತಿ ಬಿಲ್ಲಿನಲ್ಲೂ 300 ರೂಪಾಯಿ ವಿಮೆ ಕಂತು, ಅದರ ಮೇಲೆ 18% ಜಿಎಸ್‌ಟಿ. ಹೀಗೇ 26 ತಿಂಗಳು ಕಟ್ಟಿದ್ದೇನೆ. ಬಿದ್ದು ಕೈ ಮುರಿದು ಅಂಗಡಿ ಮುಚ್ಚಿದಾಗ ಕ್ಲೇಮ್ ಹಾಕಿದೆ. ‘ಸಂಬಳದ ಕೆಲಸ ಹೋದವರಿಗೆ ಮಾತ್ರ’ ಎಂದು ತಿರಸ್ಕರಿಸಿದರು. ದುಡ್ಡು ವಾಪಸ್ ಕೇಳಿದರೆ, ‘ನೀವೇ ಒಪ್ಪಿದ್ದೀರಿ, ರೆಕಾರ್ಡಿಂಗ್ ಇದೆ’ ಅಂತಾರೆ. ಇಲ್ಲಿಗೆ ಮುಗೀತಾ?

ಉತ್ತರ: ಖಂಡಿತ ಮುಗಿದಿಲ್ಲ. ಆದರೆ ‘ಕೈ ಮುರೀತು, ಕ್ಲೇಮ್ ಕೊಡಿ’ ಅಂತಷ್ಟೇ ಕೇಳಿದರೆ ಷರತ್ತು ತೋರಿಸಿ ಬಾಯಿ ಮುಚ್ಚಿಸುತ್ತಾರೆ. ‘ನನಗೆ ಸಂಬಳವೇ ಇಲ್ಲ. ಯಾವತ್ತೂ ಕ್ಲೇಮ್ ಸಿಗದ ವಿಮೆಯನ್ನು ನನಗೆ ಯಾಕೆ ಮಾರಿದಿರಿ?’ ಎಂದು ಕೇಳಿ. ಅವರ ತಿರಸ್ಕಾರದ ಪತ್ರವೇ ಇದಕ್ಕೆ ಸಾಕ್ಷಿ. ಜೋಪಾನವಾಗಿಡಿ.

ರೆಕಾರ್ಡಿಂಗ್ ಇದೆ ಅಂದರಲ್ವಾ? ಹೆದರಬೇಡಿ, ಅದನ್ನೇ ಕೇಳಿ ತರಿಸಿಕೊಳ್ಳಿ. ನಾನು 31 ವರ್ಷ ಬ್ಯಾಂಕಿನಲ್ಲಿದ್ದವಳು. ತಿಂಗಳ ಕೊನೆಗೆ ವಿಮೆ ಟಾರ್ಗೆಟ್ ಮುಟ್ಟದ ಹುಡುಗರ ಪಾಡು ಕಣ್ಣಾರೆ ಕಂಡಿದ್ದೇನೆ. ನನ್ನ ತಮ್ಮನಿಗೂ ಹೀಗೇ ಆಗಿತ್ತು. ಫೋನನ್ನು ಊಟದ ಮೇಜಿನ ಮೇಲಿಟ್ಟು ಆ ರೆಕಾರ್ಡಿಂಗ್ ಕೇಳಿದೆವು. ನಾಲ್ಕು ನಿಮಿಷ. ಆ ಕಡೆ ಹುಡುಗಿ ಒಂದೇ ಉಸಿರಿಗೆ ಓದುತ್ತಾಳೆ, ಈ ಕಡೆ ಕುಕ್ಕರ್ ಕೂಗುತ್ತೆ, ಇವನು ‘ಹ್ಞೂಂ, ಹ್ಞೂಂ’ ಅಂತಾನೆ. ಸಂಬಳವಾ, ಸ್ವಂತ ಕಸುಬಾ ಎಂಬ ಪ್ರಶ್ನೆ ಎಲ್ಲೂ ಇಲ್ಲ! ಅದನ್ನೇ ನಿಮಿಷ, ಸೆಕೆಂಡ್ ಸಮೇತ ಬರೆದು ಕಳಿಸಿದೆವು. ಆರು ವಾರದಲ್ಲಿ ದುಡ್ಡು ಬಂತು.

ಕಾರ್ಡಿನ ಜೊತೆ ಕೊಡುವ ಯಾವುದೇ ಸೇವೆಗೆ ಒಪ್ಪಿಗೆ ಸ್ಪಷ್ಟವಾಗಿರಬೇಕು, ಬ್ಯಾಂಕು ಊಹಿಸಿಕೊಳ್ಳುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಬ್ರಿಟನ್‌ನಲ್ಲಿ ಪಿಪಿಐ ಎಂಬ ಇದೇ ಥರದ ವಿಮೆಯನ್ನು ಸ್ವಂತ ಕಸುಬಿನವರಿಗೂ ಮಾರಿದ್ದರು. ಕೊನೆಗೆ ಅಲ್ಲಿನ ಬ್ಯಾಂಕುಗಳು 3,800 ಕೋಟಿ ಪೌಂಡ್‌ಗೂ ಜಾಸ್ತಿ ಹಿಂತಿರುಗಿಸಬೇಕಾಯಿತು.

ನಿಮ್ಮ ಲೆಕ್ಕ ತಿಂಗಳಿಗೆ 354ರಂತೆ 9,204 ರೂಪಾಯಿ. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆಯಿರಿ. ಹಿಂದಿ ಅರ್ಥವಾಗಲಿಲ್ಲ ಎಂಬುದನ್ನೂ ಸೇರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಮತ್ತೆ ಇಲ್ಲ ಅಂದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥ ಮಾಡುವ ಅಧಿಕಾರಿ) ಸಿಎಂಎಸ್ ಎಂಬ ಅದರ ದೂರು ಪೋರ್ಟಲ್‌ನಲ್ಲಿ ದೂರು ಕೊಡಿ. ಫೀಸ್ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಪಾಲಿಸಿ ತರಿಸಿ ಪೂರ್ತಿ ಓದಿ. ಕೆಲವದರಲ್ಲಿ ಅಪಘಾತದ ಕವರ್ ಕೂಡ ಇರುತ್ತೆ. ಇದ್ದರೆ ಮೊದಲು ವಿಮಾ ಕಂಪನಿಗೇ ಬರೆಯಿರಿ. ಅವರು ಒಪ್ಪದಿದ್ದರೆ ಒಂದು ವರ್ಷದೊಳಗೆ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದು ಬೇರೆ ದೂರು, ಎರಡನ್ನೂ ಕಲಸಬೇಡಿ.

ಸಿಟ್ಟಿನಲ್ಲಿ ಕಾರ್ಡ್ ಬಿಲ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಬಡ್ಡಿ ಏರುತ್ತೆ, ಸಿಬಿಲ್ ಸ್ಕೋರ್ ಕೆಡುತ್ತೆ. ವಿಮೆ ರದ್ದು ಮಾಡಿ ಎಂದು ಇವತ್ತೇ ಇ-ಮೇಲ್ ಹಾಕಿ. ಕೈ ಇನ್ನೂ ನೋಯುತ್ತಿದ್ದರೆ ನೀವು ಹೇಳಿ, ಮನೆಯಲ್ಲಿ ಯಾರಾದರೂ ಬರೆಯಲಿ.