ಎಲ್ಲೂ ನಿಲ್ಲದವರ ಜಾಗವಲ್ಲ ಅದು, ಮೇಷ್ಟ್ರೇ

ಅರಸೀಕೆರೆಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಮಗಳು ಬಿ.ಕಾಂ. ಮುಗಿಸಿ ಮೂರು ವರ್ಷ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದ್ದಾಳೆ. ಈಗ ಬೆಂಗಳೂರಿನ ಸಿನಿಮಾ ಪ್ರೊಡಕ್ಷನ್ ಸರ್ವಿಸ್ ಕಂಪನಿಯೊಂದು ಕರೆದಿದೆ. ಅಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿದೆ. ಒಬ್ಬರು ಹೋಟೆಲಿನಲ್ಲಿದ್ದವರಂತೆ, ಒಬ್ಬರು ಮಿಲಿಟರಿಯಿಂದ ಬಂದವರಂತೆ, ಇನ್ನೊಬ್ಬರು ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್ ಹತ್ತಿರ ಇದ್ದವರಂತೆ. ಸಿನಿಮಾ ಓದಿದವರು ಇಬ್ಬರೇ. ಎಲ್ಲೂ ನಿಲ್ಲದವರೆಲ್ಲ ಸೇರಿಕೊಂಡ ಜಾಗ ಅನಿಸುತ್ತಿದೆ. ಕಳಿಸಬಹುದೇ?"

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಹೆದರಿಸಿದ ಆ ಪಟ್ಟಿಯೇ ನನಗೆ ಧೈರ್ಯ ಕೊಟ್ಟಿತು. ಯಾಕೆ ಅಂತ ಹೇಳುತ್ತೇನೆ.

ಇಂಥ ಕಂಪನಿ ತನ್ನ ಸಿನಿಮಾ ತಾನೇ ಮಾಡುವುದಿಲ್ಲ. ಮುಂಬೈಯವರೋ ಲಂಡನ್ನಿನವರೋ ಹತ್ತು ದಿನ ಕರ್ನಾಟಕದಲ್ಲಿ ಶೂಟಿಂಗ್ ಮಾಡಬೇಕು ಅಂತ ಬರುತ್ತಾರೆ. ಕಥೆ, ಡೈರೆಕ್ಟರು, ಮುಖ್ಯ ಕಲಾವಿದರು ಅವರವರೇ. ಪರ್ಮಿಶನ್, ಗಾಡಿ, ರೂಮು, ಊಟ, ಲೈಟು, ಜನ, ಲೆಕ್ಕ ಎಲ್ಲ ಈ ಕಂಪನಿಯ ತಲೆ ಮೇಲೆ. ನಮ್ಮ ಕಡೆ ಇದು ಹೊಸ ಕೆಲಸವೇನಲ್ಲ. ಇಂಗ್ಲಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ಸಿನಿಮಾ 'ಎ ಪ್ಯಾಸೇಜ್ ಟು ಇಂಡಿಯಾ' 1984ರಲ್ಲಿ ಬಂತಲ್ಲ, ಅದರ ಗುಹೆಗಳ ಭಾಗಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳನ್ನು. ಆ ಬಂಡೆಗಳ ಹತ್ತಿರಕ್ಕೆ ಅಷ್ಟು ಜನರನ್ನು, ಅಷ್ಟು ಸಾಮಾನನ್ನು ಒಯ್ದು, ಎಲ್ಲರಿಗೂ ಹೊತ್ತು ಹೊತ್ತಿಗೆ ನೀರು ಊಟ ಕೊಡುವುದು ಸಣ್ಣ ಕೆಲಸವೇ?

ಈಗ ನಿಮ್ಮ ಪಟ್ಟಿ ನೋಡೋಣ. ಬೆಳಗ್ಗೆ ಆರಕ್ಕೆ ಶೂಟಿಂಗ್ ಅಂದರೆ ಐದಕ್ಕೆ ನೂರಿಪ್ಪತ್ತು ಜನಕ್ಕೆ ತಿಂಡಿ ಬಿಸಿಯಾಗಿ ಸಿಗಬೇಕು. ಅದೂ ಒಲೆ ಇಲ್ಲದ ಬಯಲಿನಲ್ಲಿ. ಹೋಟೆಲಿನಲ್ಲಿದ್ದು ಮದುವೆ ಊಟ, ಪಾರ್ಟಿ ಊಟ ನೂರಾರು ಸಲ ಬಡಿಸಿದವರಿಗೆ ಇದರ ಲೆಕ್ಕ ಬಾಯಿಪಾಠ. ಮಿಲಿಟರಿಯವರು ಹದಿನೈದು ಗಾಡಿಗಳನ್ನು ಸಾಲಾಗಿ ಹೊರಡಿಸಿ, ಹೊರಟಷ್ಟೂ ಜನ ರಾತ್ರಿ ವಾಪಸ್ ಬಂದರಾ ಅಂತ ಎಣಿಸಿಯೇ ಮಲಗುವವರು. ಇನ್ನು ಕ್ಲಿಯರಿಂಗ್‌ನವರು. ಹೊರದೇಶದ ಕ್ಯಾಮೆರಾ ದೇವನಹಳ್ಳಿಯಲ್ಲಿ ಇಳಿದಾಗ ಒಂದೊಂದು ಲೆನ್ಸಿಗೂ ಸೀರಿಯಲ್ ನಂಬರ್ ಹಿಡಿದು ಪಟ್ಟಿ ಇರುತ್ತದೆ. ಬಂದ ಸಾಮಾನೇ ತಿರುಗಿ ಹೋಗಬೇಕು. ಒಂದು ನಂಬರ್ ತಪ್ಪಿದರೂ ಇಡೀ ತಂಡ ಏರ್‌ಪೋರ್ಟಿನಲ್ಲಿ ಕಾಯುತ್ತಾ ಕೂರಬೇಕು. ಇವರೆಲ್ಲ ಹಳೇ ಕೆಲಸ ಬಿಟ್ಟು ಬಂದಿರಬಹುದು. ಅಲ್ಲಿ ಕಲಿತದ್ದನ್ನು ಬಿಟ್ಟು ಬಂದಿಲ್ಲ.

ಎರಡು ವರ್ಷದ ಹಿಂದೆ ಬಸವನಗುಡಿಯ ಹಳೇ ಮನೆಯೊಂದರಲ್ಲಿ ಜಾಹೀರಾತಿನ ಶೂಟಿಂಗ್ ನೋಡಲು ಹೋಗಿದ್ದೆ. ಹೊರಗೆ ರಸ್ತೆಯಲ್ಲಿ ಜನರೇಟರ್ ಗಾಡಿ ನಿಂತಿತ್ತು. ಕಿಟಕಿಯಿಂದ ಬಿಸಿಲು ಬಿದ್ದ ಹಾಗೆ ಕಾಣಬೇಕು ಅಂತ 18 ಕಿಲೋವ್ಯಾಟ್‌ನ ಒಂದು ಲೈಟ್ ಏರಿಸಿದ್ದರು. ಮನೆಯೊಂದಕ್ಕೆ 3 ಕಿಲೋವ್ಯಾಟ್ ಅಂದುಕೊಂಡರೂ ಆರು ಮನೆಯ ಕರೆಂಟು ಆ ಒಂದು ಲೈಟಿಗೆ. ಗಾಡಿಯ ಪಕ್ಕ ಒಬ್ಬರು ಮೊಣಕಾಲೂರಿ ಕೂತು, ಕೇಬಲ್‌ಗಳಿಗೆ ಒಂದೊಂದಾಗಿ ಟಾಂಗ್ ಟೆಸ್ಟರ್ (ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಹಾಕಿ, ಬಂದ ಆಂಪಿಯರ್ ಅನ್ನು ಬಿಳಿ ಟೇಪಿನ ಮೇಲೆ ಬರೆದು ಅಂಟಿಸುತ್ತಿದ್ದರು. ಕೆಂಪು, ಹಳದಿ, ನೀಲಿ, ಮೂರು ಫೇಸಿಗೂ ಮೂರು ಟೇಪು. ಒಂದರಲ್ಲಿ ಜಾಸ್ತಿ ಬಂತು. ಎದ್ದು ಹೋಗಿ ಎರಡು ಲೈಟಿನ ವೈರ್ ಬದಲಾಯಿಸಿ ಬಂದು ಮತ್ತೆ ಅಳೆದರು. "ಲೋಡ್ ಸಮ ಹಂಚಬೇಕು ಸರ್. ಇಲ್ಲಾಂದ್ರೆ ಶಾಟ್ ಮಧ್ಯೆ ಟ್ರಿಪ್ ಆಗುತ್ತೆ. ಅದಕ್ಕಿಂತ ಜಾಸ್ತಿ ಭಯ, ಮಳೆ ಬಂದ್ರೆ ಯಾರಾದ್ರೂ ವೈರ್ ತುಳೀತಾರೆ" ಅಂದರು. ಐಟಿಐ ಮಾಡಿ ಎಂಟು ವರ್ಷ ಪೀಣ್ಯದ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರಂತೆ. ಆ ದಿನ ಅಲ್ಲಿದ್ದ ಅಷ್ಟೂ ಜನರ ಜೀವ ಅವರ ಕೈಯಲ್ಲಿತ್ತು. ಅವರು ಸಿನಿಮಾ ಓದಿದ್ದಾರಾ ಅಂತ ಕೇಳಬೇಕು ಅಂತಲೂ ನನಗೆ ಅನಿಸಲಿಲ್ಲ.

ಸಿನಿಮಾ ಓದು ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು ಫಾಲ್ಕೆ ಪ್ರಶಸ್ತಿಯವರೆಗೆ ಹೋದರು. ಹೆಸರಘಟ್ಟದಲ್ಲಿ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಈಗಲೂ ಇದೆ. ಕ್ಯಾಮೆರಾ, ಸೌಂಡು, ಎಡಿಟಿಂಗ್‌ಗೆ ಅಂಥ ಓದು ಬೇಕೇ ಬೇಕು. ಆದರೆ ನಿರ್ದೇಶಕ ಗಿರೀಶ್ ಕಾಸರವಳ್ಳಿಯವರು ಕೂಡ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗುವ ಮುಂಚೆ ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದವರು, ಅಲ್ವಾ?

ಮಗಳ ವಿಷಯಕ್ಕೆ ಬರುತ್ತೇನೆ. ಶೂಟಿಂಗ್ ದಿನ ದುಡ್ಡು ನಲ್ಲಿ ನೀರಿನ ಹಾಗೆ ಹೋಗುತ್ತದೆ. ಡ್ರೈವರ್ ಬೇಟಾ (ದಿನದ ಭತ್ಯೆ), ಲೈಟ್ ಬಾಡಿಗೆ, ಹೂವು, ಐಸು, ಮನೆ ಮಾಲೀಕರಿಗೆ ಅಡ್ವಾನ್ಸು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಾಮಾನ್ಯವಾಗಿ ಆದಾಯ ತೆರಿಗೆಯವರು ಅದನ್ನು ಖರ್ಚು ಅಂತ ಒಪ್ಪುವುದಿಲ್ಲ. ಯಾರಿಗೆ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು, ಯಾವ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಯಾವ ವೋಚರ್‌ಗೆ ಸಹಿ ಬಿದ್ದಿಲ್ಲ ಅನ್ನುವುದನ್ನು ಅಂದಂದೇ ಹಿಡಿಯುವವರು ಬೇಕು. ವರ್ಷದ ಕೊನೆಗೆ ಬೇರೆಯವರ ಇಂಥ ತಪ್ಪುಗಳನ್ನು ಹುಡುಕಿ ತೆಗೆದ ಹುಡುಗಿ ಆಕೆ. ಸುಮ್ನೆ ಕರೆದಿಲ್ಲ ಅವರು.

ಆದರೆ ಅಪ್ಪನಾಗಿ ನಿಮಗಿರುವ ಭಯವೂ ನಿಜ. ಈ ಕೆಲಸಕ್ಕೆ ಹೊತ್ತು ಗೊತ್ತು ಇಲ್ಲ. ಹಾಗಾಗಿ ಅಲ್ಲಿ ಇರುವವರು ಮೊದಲು ಏನಾಗಿದ್ದರು ಅಂತ ಕೇಳುವುದನ್ನು ಬಿಟ್ಟು ಬೇರೆ ಪ್ರಶ್ನೆ ಕೇಳಿಸಿ. ಸಂಬಳ ತಿಂಗಳಿಗೋ, ಪ್ರಾಜೆಕ್ಟಿಗೋ? ಪ್ರಾಜೆಕ್ಟಿಗೆ ಅಂದರೆ ಮಧ್ಯದ ಖಾಲಿ ತಿಂಗಳು ಏನು? ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಪಿಎಫ್ ಕಟ್ಟಬೇಕು, ಕಟ್ಟುತ್ತಾರಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಹೆಣ್ಣುಮಕ್ಕಳ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ? ರಾತ್ರಿ ತಡವಾದರೆ ಮನೆ ಬಾಗಿಲವರೆಗೆ ಗಾಡಿ ಬರುತ್ತದಾ, ಬೀದಿ ತುದಿಗಾ? ಇದನ್ನೆಲ್ಲ ಕೇಳಿದರೆ ಒಳ್ಳೆಯ ಕಂಪನಿ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರ ಬಾಯಿಮಾತಿನಲ್ಲಿ ಬೇಡ, ಆಫರ್ ಲೆಟರಿನಲ್ಲೇ ಬರಲಿ. ಅದು ಕೈಗೆ ಬರುವ ತನಕ ಆಡಿಟರ್ ಆಫೀಸಿಗೆ ರಾಜೀನಾಮೆ ಕೊಡುವುದು ಬೇಡ ಅಂತ ಮಗಳಿಗೆ ಹೇಳಿ.

- ಸಂಪಾದಕ