ಎರಡು ಕಪ್ ಫೆನೆಲ್ ಅಂದರೆ ಎಷ್ಟು ಗೆಡ್ಡೆ?

ಸೋಂಪು ಜಾತಿಯ ಈ ತರಕಾರಿಯ ಮಧ್ಯಮ ಗಾತ್ರದ ಒಂದೇ ಒಂದು ಗೆಡ್ಡೆ ತನ್ನಿ, ಸಾಕು. ಸ್ವಲ್ಪ ಉಳಿಯುತ್ತದೆ ಕೂಡ.

ನೀವು ಕೇಳಿದ್ದು ಮೂರು: ಅಮೆರಿಕದ ರೆಸಿಪಿಯಲ್ಲಿರುವ "ತೆಳ್ಳಗೆ ಹೆಚ್ಚಿದ ಫೆನೆಲ್ ಎರಡು ಕಪ್" ಅಂದರೆ ಜರ್ಮನಿಯ ಅಂಗಡಿಯಿಂದ ಎಷ್ಟು ತರಬೇಕು, ಉಳಿದದ್ದನ್ನು ಹೇಗೆ ಇಡಬೇಕು, ಅದರ ಬದಲು ಊರಿಂದ ತಂದ ಸೋಂಪು ಕಾಳು ಹಾಕಿದರೆ ನಡೆಯುತ್ತಾ. ನಾನು ಇಟಲಿಯ ತೊರಿನೋದಲ್ಲಿದ್ದೇನೆ. ಇಲ್ಲಿ ಫೆನೆಲ್‌ಗೆ ಫಿನೋಕ್ಕಿಯೋ ಅನ್ನುತ್ತಾರೆ, ಚಳಿಗಾಲವಿಡೀ ಅದು ಇಲ್ಲದ ತರಕಾರಿ ಅಂಗಡಿಯೇ ಇಲ್ಲ, ಹಾಗಾಗಿ ಬೇಕಾದಷ್ಟು ಹೆಚ್ಚಿ ಕೈ ಪಳಗಿದೆ.

ಮೊದಲು ಅಳತೆ. ಅಮೆರಿಕದ ಕಪ್ ಅಂದರೆ ಸುಮಾರು 240 ಮಿಲಿ, ನಮ್ಮ ಕಾಫಿ ಲೋಟ ಅಲ್ಲ. ತೆಳ್ಳಗೆ ಹೆಚ್ಚಿದ ಫೆನೆಲ್ ಒಂದು ಕಪ್‌ಗೆ 85ರಿಂದ 90 ಗ್ರಾಂ ತೂಗುತ್ತದೆ. ಎರಡು ಕಪ್‌ಗೆ 175 ಗ್ರಾಂ ಅಂತ ಇಟ್ಟುಕೊಳ್ಳಿ. ದಂಟು, ಬುಡ, ಹೊರಗಿನ ಒರಟು ಪದರ ತೆಗೆದ ಮೇಲಿನ ತೂಕ ಇದು. ಸವರಿದ ಮಧ್ಯಮ ಗೆಡ್ಡೆ 230-250 ಗ್ರಾಂ ಬರುತ್ತದೆ, ಅಂದರೆ ಎರಡೂವರೆಯಿಂದ ಮೂರು ಕಪ್. ಉದ್ದ ದಂಟು, ಸೊಪ್ಪು ಸಮೇತ ಕೊಂಡರೆ ಮಾತ್ರ ಹುಷಾರು. ಹೋದ ವಾರ ನಾನು ತಂದದ್ದು ತಕ್ಕಡಿಯಲ್ಲಿ 410 ಗ್ರಾಂ ಇತ್ತು, ಸವರಿದ ಮೇಲೆ ಉಳಿದದ್ದು 240. ಕಪ್ ನಂಬಬೇಡಿ, ತೂಕ ನಂಬಿ. ಕಾಗದದಷ್ಟು ತೆಳ್ಳಗೆ ಹೆಚ್ಚಿದ್ದಕ್ಕೂ ಬೆರಳು ದಪ್ಪ ಹೆಚ್ಚಿದ್ದಕ್ಕೂ ಒಂದೇ ಕಪ್‌ನಲ್ಲಿ ತುಂಬ ವ್ಯತ್ಯಾಸ ಬರುತ್ತದೆ. ರೆಸಿಪಿಯಲ್ಲಿ ಬೇರೆ ಏನೂ ಹೇಳದಿದ್ದರೆ ಅದು ಹಸಿಯ ಅಳತೆ; ಬೆಂದ ಮೇಲೆ ಎಲೆಕೋಸಿನ ಹಾಗೆ ಕುಗ್ಗಿಹೋಗುತ್ತದೆ.

ಕೊಳ್ಳುವಾಗ ಬುಡ ಬೆಳ್ಳಗಿರಬೇಕು, ಒತ್ತಿದರೆ ಗಟ್ಟಿ ಇರಬೇಕು. ಇಲ್ಲಿನ ಪೋರ್ತಾ ಪಲಾತ್ಸೋ ಸಂತೆಯಲ್ಲಿ ನಾನು ಕೊಳ್ಳುವ ಅಜ್ಜ "ಹಸಿ ತಿನ್ನಲಿಕ್ಕಾ, ಬೇಯಿಸಲಿಕ್ಕಾ?" ಅಂತ ಕೇಳಿಯೇ ಆರಿಸಿಕೊಡುತ್ತಾನೆ. ದುಂಡಗಿನದು "ಗಂಡು", ಹಸಿಗೆ. ಚಪ್ಪಟೆ, ಉದ್ದನೆಯದು "ಹೆಣ್ಣು", ಬೇಯಿಸಲಿಕ್ಕೆ. ಗೆಡ್ಡೆಯಲ್ಲಿ ಗಂಡು ಹೆಣ್ಣು ಅಂತೇನೂ ಇಲ್ಲ, ಅದು ಬರೀ ಆಕಾರಕ್ಕೆ ಇಟ್ಟ ಹೆಸರು. ಆದರೆ ಚಪ್ಪಟೆಯದರಲ್ಲಿ ನಾರು ಜಾಸ್ತಿ ಅನ್ನುವುದು ನನ್ನ ಹಲ್ಲಿಗೂ ಗೊತ್ತಾಗಿದೆ. ಹಾಗೆ ನೋಡಿದರೆ ಇದು ಗೆಡ್ಡೆಯೇ ಅಲ್ಲ. ಎಲೆಗಳ ಬುಡ ದಪ್ಪಗಾಗಿ ಒಂದನ್ನೊಂದು ಅಪ್ಪಿಕೊಂಡಿರುವುದು. ಅದಕ್ಕೇ ಪದರಗಳ ನಡುವೆ ಮಣ್ಣು ಕೂತಿರುತ್ತದೆ, ಸೀಳಿದ ಮೇಲೆ ಇನ್ನೊಮ್ಮೆ ತೊಳೆಯಿರಿ.

ಇಡುವ ವಿಷಯ. ಮನೆಗೆ ಬಂದ ತಕ್ಷಣ ದಂಟನ್ನು ಕತ್ತರಿಸಿ ಬೇರೆ ಮಾಡಿ. ಹಾಗೇ ಬಿಟ್ಟರೆ ಸೊಪ್ಪು ಗೆಡ್ಡೆಯ ನೀರೆಲ್ಲ ಎಳೆದುಕೊಂಡು ತಾನೂ ಬಾಡುತ್ತದೆ, ಅದನ್ನೂ ಬಾಡಿಸುತ್ತದೆ. ಗೆಡ್ಡೆಯನ್ನು ತೊಳೆಯದೆ, ಸ್ವಲ್ಪವೇ ತೇವ ಇರುವ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಿ. ಒಂದು ವಾರ ಧೈರ್ಯವಾಗಿ ಇರುತ್ತದೆ. ಸೊಪ್ಪಿನ ಆಯಸ್ಸು ಎರಡು ಮೂರು ದಿನ. ಹೆಚ್ಚಿದ್ದು ಕಂದು ತಿರುಗುತ್ತದೆ. ಊರಲ್ಲಿ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುತ್ತೀವಲ್ಲ, ಅದೇ ಉಪಾಯ. ಇಲ್ಲಿ ನಿಂಬೆರಸದ ನೀರು. ಹೆಚ್ಚಿದ್ದನ್ನು ಮುಚ್ಚಿಟ್ಟು ಮರುದಿನ, ತಪ್ಪಿದರೆ ಅದರ ಮರುದಿನ ಮುಗಿಸಿಬಿಡಿ. ಫ್ರೀಜರ್‌ಗೆ ಹಾಕುವುದಾದರೆ ಹೋಳುಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು, ಐಸ್ ನೀರಿಗೆ ಹಾಕಿ, ಒರೆಸಿ ಇಡಿ. ಗರಿಗರಿ ಪೂರ್ತಿ ಹೋಗುತ್ತದೆ, ಸೂಪಿಗೆ ಮಾತ್ರ ಲಾಯಕ್ಕು.

ಸೋಂಪು ಕಾಳು ಈ ಜಾತಿಯ ಗಿಡದ್ದೇ, ಘಮಕ್ಕೂ ಅನೆಥೋಲ್ ಅನ್ನುವ ಅದೇ ಅಂಶ ಕಾರಣ. ಆದರೂ ತರಕಾರಿಯ ಬದಲು ಕಾಳು ಅಂದರೆ ಕೊತ್ತಂಬರಿ ಸೊಪ್ಪಿನ ಬದಲು ಧನಿಯಾ ಉದುರಿಸಿದ ಹಾಗೆ. ಬೇಯಿಸುವ ಅಡುಗೆಯಾದರೆ ಈರುಳ್ಳಿಯೋ ಸೆಲರಿಯೋ ಹಾಕಿ ಜೊತೆಗೆ ಕಾಲು ಚಮಚ ಕಾಳು ಕುಟ್ಟಿ ಹಾಕಬಹುದು. ಸಲಾಡ್‌ಗೆ ಬೇಡವೇ ಬೇಡ.

ನೀವು ಕೇಳದ ಒಂದು ಮಾತು: ಆ ಸೊಪ್ಪು ನೋಡಲಿಕ್ಕೆ ಥೇಟ್ ನಮ್ಮ ಸಬ್ಬಸಿಗೆ. ಬಂದ ಹೊಸದರಲ್ಲಿ ನಾನು ಖುಷಿಯಿಂದ ಒಂದು ಹಿಡಿ ಹೆಚ್ಚಿ ಅಕ್ಕಿ ರೊಟ್ಟಿ ತಟ್ಟಿದೆ. ಕಾವಲಿಯ ಮೇಲಿರುವಾಗಲೇ ಹೋಟೆಲ್ಲಿನ ಬಿಲ್ ತಟ್ಟೆಯ ವಾಸನೆ. ಮನೆಯವರು ಒಂದು ತುತ್ತು ತಿಂದು, "ಊಟ ಆಯ್ತು ಅಂತಲಾ ಇದರ ಅರ್ಥ?" ಅಂದರು.

ನಿಮ್ಮ ಗೆಡ್ಡೆಯಲ್ಲಿ ಉಳಿಯುವ ಅರ್ಧ ಮುಕ್ಕಾಲು ಕಪ್‌ಗೆ ಬೇರೆ ರೆಸಿಪಿ ಹುಡುಕಬೇಡಿ. ನೆನೆಸಿದ ಹೆಸರುಬೇಳೆ, ಹಸಿಮೆಣಸಿನಕಾಯಿ, ತೆಂಗಿನತುರಿ, ನಿಂಬೆಹಣ್ಣು ಹಾಕಿ ಕೋಸಂಬರಿ ಮಾಡಿ, ಸೌತೆಕಾಯಿ ಬೇಕೆನಿಸುವುದಿಲ್ಲ. ಒಗ್ಗರಣೆಗೆ ಸಾಸಿವೆ ಸಾಕು. ಇಂಗು ಹಾಕಿದರೆ ಎರಡು ಘಮಲೂ ಜಗಳಕ್ಕೆ ನಿಲ್ಲುತ್ತವೆ.